ನಿಮಿಷಕ್ಕೆ ಎಪ್ಪತ್ತೆರಡು ಪದ

ಬೊಮ್ಜನ್‌ಡಾಂಡಾ ಎಂಬ ಗುಡ್ಡದೂರಿನಲ್ಲಿ ಸಂಚಮಾಯಾಳನ್ನು ಹೆಸರು ಹಿಡಿದು ಕರೆಯುವವಳು ಅವಳ ಅತ್ತೆಯೊಬ್ಬಳೇ. ಮಕ್ಕಳಿಗೆ, ಮಕ್ಕಳ ತಾಯಂದಿರಿಗೆ, ಕೆಳಗಿನ ದೋಭಾನ್ ಬಜಾರಿನ ಉಪ್ಪಿನ ಅಂಗಡಿಯವನಿಗೂ ಅವಳು ಪುಸ್ತಕ ಮಿಸ್. ಆ ಹೆಸರು ಬಂದು ಎರಡು ವರ್ಷವಾಗಿತ್ತು. ಅದಕ್ಕೆ ಮುಂಚೆ ಅದೇ ಶಾಲೆಯಲ್ಲಿ ಗಂಟೆ ಹೊಡೆದು, ನೀರು ಹೊತ್ತು, ಮೇಷ್ಟರಿಗೆ ಚಹಾ ಕಾಸಿಕೊಡುತ್ತಿದ್ದಳು. ಅದಕ್ಕೂ ಮುಂಚೆ ಎರಡು ಚಳಿಗಾಲ ಗಂಡ ಬಿರ್ಖೆಯ ಹಿಂದೆ ಭಕ್ತಪುರದ ಇಟ್ಟಿಗೆ ಭಟ್ಟಿಗೆ ಹೋಗಿ, ನಾಮ್ಲೋ ಪಟ್ಟಿಯನ್ನು ಹಣೆಗೆ ಕೊಟ್ಟು ಹಸಿ ಇಟ್ಟಿಗೆ ಹೊತ್ತಿದ್ದಳು. ಬಿರ್ಖೆ ಈಗಲೂ ಹೋಗುತ್ತಾನೆ. ಪುಸ್ತಕದ ಕೋಣೆ ಮುಚ್ಚಿದ ದಿನ ತಾನೂ ಆ ಪಟ್ಟಿಯನ್ನೇ ಮತ್ತೆ ಹಣೆಗೆ ಕಟ್ಟಿಕೊಳ್ಳಬೇಕು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಕೋಣೆ ಬಂದದ್ದು ಹೀಗೆ. ಕಾಠ್ಮಂಡುವಿನ ಒಂದು ಸಂಸ್ಥೆಯವರು ಗುಡ್ಡ ಹತ್ತಿ ಬಂದು, ಶಾಲೆಯ ಹಳೆಯ ಉಗ್ರಾಣಕ್ಕೆ ಸುಣ್ಣ ಬಳಿಸಿ, ಮಕ್ಕಳ ಎದೆಯೆತ್ತರಕ್ಕೆ ಕಪಾಟು ಕೂರಿಸಿ, ನೆಲಕ್ಕೆ ಚಾಪೆ ಹಾಸಿ ಆರುನೂರು ಪುಸ್ತಕ ಇಟ್ಟರು. ಕಪಾಟಿಗೆ ಬೀಗವಿಲ್ಲ. ಯಾವ ಮಗುವಾದರೂ ಯಾವುದನ್ನಾದರೂ ಎಳೆದುಕೊಂಡು ಓದಬಹುದು. ನೋಡಿಕೊಳ್ಳಲು ಊರಿನವರೇ ಒಬ್ಬರು ಬೇಕು ಎಂದಾಗ ಹೆಡ್‌ಮಾಸ್ಟರ್ ಹೋಮನಾಥ ರಿಮಾಲ್ ಅವಳ ಕಡೆ ಬೆರಳು ತೋರಿಸಿದರು. ಹತ್ತನೆಯ ತರಗತಿಯನ್ನು ಎರಡನೆಯ ಸಲಕ್ಕಾದರೂ ದಾಟಿದ ಹೆಂಗಸು ಆ ಗುಡ್ಡದಲ್ಲಿ ಅವಳೊಬ್ಬಳೇ ಇದ್ದಳು.

ಸಂಸ್ಥೆಯದು ಒಂದು ಪರೀಕ್ಷೆ. ಆರು ತಿಂಗಳಿಗೊಮ್ಮೆ ಸೃಜನಾ ಎಂಬ ಹುಡುಗಿ, ನಗುಮುಖದವಳು, ಸ್ಟಾಪ್‌ವಾಚ್ ಹಿಡಿದು ಬರುವಳು. ಚೀಟಿ ಎತ್ತಿ ಐದು ಮಕ್ಕಳನ್ನು ಆರಿಸುವಳು. ಒಂದು ನಿಮಿಷದಲ್ಲಿ ಮಗು ಎಷ್ಟು ಪದ ತಪ್ಪಿಲ್ಲದೆ ಓದುತ್ತದೆ ಎಂದು ಎಣಿಸಿ, ಐದರ ಸರಾಸರಿ ತೆಗೆದು ಬರೆದುಕೊಳ್ಳುವಳು. ಎರಡು ವರ್ಷದ ಕೊನೆಗೆ ಸರಾಸರಿ ಅರವತ್ತು ಮುಟ್ಟಿದ್ದರೆ ಇನ್ನೆರಡು ವರ್ಷ ಕೋಣೆ ನಡೆಯುತ್ತದೆ. ಇಲ್ಲವಾದರೆ ಆರುನೂರು ಪುಸ್ತಕವೂ ಹೇಸರಗತ್ತೆಯ ಬೆನ್ನೇರಿ ಇನ್ನೊಂದು ಊರಿಗೆ ಹೋಗುತ್ತವೆ. ಕಾಯುತ್ತಿರುವ ಊರುಗಳ ಪಟ್ಟಿಯೇ ಇತ್ತು.

ಮೊದಲ ಪರೀಕ್ಷೆಯಲ್ಲಿ ಬಂದದ್ದು ಹದಿನೆಂಟು.

"ಹದಿನೆಂಟಾ?" ಎಂದರು ಹೋಮನಾಥ ಸರ್. "ನಮ್ಮ ಎಮ್ಮೆಗೆ ಕನ್ನಡಕ ಹಾಕಿ ಕೂರಿಸಿದ್ರೂ ಇಪ್ಪತ್ತು ಓದ್ತಿತ್ತಲ್ಲ, ಸಂಚಮಾಯಾ!"

ಅವಳು ತಲೆ ತಗ್ಗಿಸಿ ನಿಂತಳು. ಮಕ್ಕಳ ತಪ್ಪೇನೂ ಇರಲಿಲ್ಲ. ಮನೆಯಲ್ಲಿ ಅವರಾಡುವುದು ತಾಮಾಂಗ್ ಮಾತು, ಪುಸ್ತಕದಲ್ಲಿರುವುದು ನೇಪಾಳಿ. ಒಂದೊಂದು ಪದದ ಮುಂದೂ ಮಗು ಹಳ್ಳ ದಾಟುವ ಕರುವಿನ ಹಾಗೆ ನಿಂತು, ಮೂಸಿ, ಹಿಂದೆ ಸರಿಯುತ್ತಿತ್ತು.

ಆಗ ಅವಳಿಗೆ ಅಪ್ಪ ನೆನಪಾದ. ಅವನು ಊರಿನ ಲಾಮಾ ಆಗಿದ್ದವನು. ಯಾರಾದರೂ ಸತ್ತು ಮನೆಯವರು ಘೇವಾ ಮಾಡಿಸಿದರೆ ಮೂರು ದಿನ ಪೋಥಿ ಓದಬೇಕು. ಉದ್ದುದ್ದನೆಯ ಬಿಡಿ ಹಾಳೆಗಳು, ಟಿಬೆಟಿನ ಭೋಟಿ ಅಕ್ಷರ. ಹೆಣ್ಣುಮಕ್ಕಳಿಗೆ ಓದುವ ಅಧಿಕಾರ ಇಲ್ಲ, ಆದರೆ ಹಾಳೆ ಮಗುಚಿಕೊಡಲು ಒಬ್ಬರು ಬೇಕಲ್ಲ, ಆ ಕೆಲಸ ಏಳು ವರ್ಷದ ಸಂಚಮಾಯಾಳದು. ಅಪ್ಪ ಕಣ್ಣು ಅರೆಮುಚ್ಚಿ, ಮೈ ತೂಗುತ್ತ, ಸಾಲಿಗೊಂದು ಉಸಿರಿನ ಲೆಕ್ಕದಲ್ಲಿ ಓದುತ್ತ ಹೋಗುವನು. ಸಾಲು ಮುಗಿದಾಗ ಅಂಗೈ ತೊಡೆಗೆ ಬಡಿಯುವುದು. ಅದರಲ್ಲೇನಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳುವುದಕ್ಕೆ ಅದೇನು ನೀರಿನ ಕಟ್ಟೆಯ ಸುದ್ದಿಯೇ? ಓದಿದರೆ ಸತ್ತವರಿಗೆ ಸಲ್ಲುತ್ತದೆ. ಬೇಗ ಓದಿದರೆ ಹೆಚ್ಚು ಹಾಳೆ ಸಲ್ಲುತ್ತದೆ, ಅಷ್ಟೆ.

ಸಂಚಮಾಯಾ ಮಕ್ಕಳನ್ನು ಚಾಪೆಯ ಮೇಲೆ ಸಾಲಾಗಿ ಚಕ್ಕಳಮಕ್ಕಳ ಕೂರಿಸಿದಳು. "ಲಾಮಾ ಹ್ಯಾಗೆ ಓದ್ತಾರೆ, ನೋಡಿದ್ದೀರಲ್ಲ? ಹಾಗೆ. ಮೈ ತೂಗಿ. ಒಂದು ಉಸಿರಿಗೆ ಒಂದು ಸಾಲು. ನಿಲ್ಲಬಾರದು."

ಮಕ್ಕಳಿಗೆ ಅದು ಹಬ್ಬವಾಯಿತು. ಊರಿನ ಪ್ರತಿ ಮಗುವೂ ಯಾವುದೋ ಅಜ್ಜನ ಘೇವಾದಲ್ಲಿ ಲಾಮಾಗಳ ಹಿಂದೆ ಕೂತು ತೂಕಡಿಸಿದ್ದೇ. ಆ ಧಾಟಿ ಅವರ ರಕ್ತದಲ್ಲಿತ್ತು. ಒಂದು ವಾರದಲ್ಲಿ ಪುಸ್ತಕದ ಕೋಣೆ ಲಾಮಾಗಳ ಗುಂಬಾ ಮಠದ ಹಾಗೆ ಗುಂಯ್‌ಗುಟ್ಟತೊಡಗಿತು. ನರಿಯ ಕಥೆ, ಮಳೆಯ ಕಥೆ, ಹಲ್ಲುಜ್ಜುವ ಪಾಠ ಎಲ್ಲವೂ ಒಂದೇ ರಾಗದಲ್ಲಿ, ತೊಡೆಗೆ ಅಂಗೈ ಬಡಿತದೊಂದಿಗೆ ಹರಿದುಹೋದವು. ದಾರಿಯಲ್ಲಿ ಹುಲ್ಲು ಹೊರೆ ಹೊತ್ತು ಹೋಗುವ ಮುದುಕಿಯರು ನಿಂತು, ಹೊರೆ ಇಳಿಸದೆ ಕೈ ಮುಗಿದು ಮುಂದೆ ಹೋಗುತ್ತಿದ್ದರು.

ಎರಡನೆಯ ಪರೀಕ್ಷೆಯಲ್ಲಿ ಐವತ್ತೆರಡು. ಮೂರನೆಯದರಲ್ಲಿ ಎಪ್ಪತ್ತೆರಡು. ಜಿಲ್ಲೆಯಲ್ಲೇ ಅಷ್ಟು ಯಾರಿಗೂ ಬಂದಿರಲಿಲ್ಲ. ಸಂಸ್ಥೆಯಿಂದ ಬಿಳಿ ತಲೆಯ ದೊಡ್ಡವರೊಬ್ಬರು ಬಂದು ಅವಳ ಕೊರಳಿಗೆ ಗೌರವದ ಖಾದಾ ವಸ್ತ್ರ ಹಾಕಿದರು. ಹೋಮನಾಥ ಸರ್ ಈಗ 'ಸಂಚಮಾಯಾ' ಎನ್ನುತ್ತಿರಲಿಲ್ಲ, 'ಮಿಸ್' ಎನ್ನುತ್ತಿದ್ದರು. ಅವಳಿಗೆ ಹಿಗ್ಗಾಗಲಿಲ್ಲವೆಂದರೆ ಸುಳ್ಳಾದೀತು. ಬೆನ್ನು ನೆಟ್ಟಗಾಯಿತು; ನಡಿಗೆಯೇ ಬದಲಾಯಿತು.

ಆಮೇಲೊಂದು ಸಂಜೆ. ಪಕ್ಕದ ಮನೆಯ ಯಾಂಗ್ಜಿ, ಮೂರನೆಯ ತರಗತಿಯವಳು, ಪುಸ್ತಕ ಹಿಡಿದು ಅವರ ಒಲೆಯ ಪಕ್ಕ ಬಂದು ಕೂತಳು. ಅತ್ತೆ ಜೋಳ ಹುರಿಯುತ್ತಿದ್ದಳು. ಯಾಂಗ್ಜಿ ಮೈ ತೂಗಿ ಓದಿದಳು. ಪುಸ್ತಕ ಮುಗಿಯುವವರೆಗೆ ಎಲ್ಲೂ ನಿಲ್ಲಲಿಲ್ಲ.

ಅತ್ತೆ ಬಾಣಲೆ ಕೆಳಗಿಟ್ಟು ಹುಡುಗಿಯ ಕೆನ್ನೆ ಹಿಂಡಿದಳು. "ಎಲ ಎಲಾ! ನಾನು ಸತ್ರೆ ಆ ಮುದಿ ಲಾಮಾನ ಕರೀಬೇಡ್ರೋ, ಕೊಳೆತ ಹಲ್ಲಲ್ಲಿ ಗೊಣಗ್ತಾನೆ. ಇವಳ್ನೇ ಕೂರಿಸಿ." ಆಮೇಲೆ ಸುಮ್ಮನೆ ಕೇಳಿದಳು, "ಅದರಲ್ಲಿ ಏನಿದೆ ಮಗಾ?"

ಯಾಂಗ್ಜಿ ಜೋಳದ ಕಡೆ ಕೈ ಚಾಚಿದ್ದಳು. "ಎಲ್ಲಿ ಅಜ್ಜಿ?"

"ಪುಸ್ತಕದಲ್ಲಿ."

"ಅದರಲ್ಲೇನೂ ಇಲ್ಲ ಅಜ್ಜಿ. ಅದು ಓದೋದು."

ಅತ್ತೆ ತಲೆಯಾಡಿಸಿದಳು. ಅವಳಿಗೆ ಅದರಲ್ಲೇನೂ ವಿಚಿತ್ರ ಕಾಣಲಿಲ್ಲ. ಬೀಗನ ಪೋಥಿಯಲ್ಲಿ ಏನಿತ್ತೆಂದು ಅವಳೂ ಎಂದೂ ಕೇಳಿದವಳಲ್ಲ. ಸಂಚಮಾಯಾಳ ಕೈಯಲ್ಲಿದ್ದ ತಟ್ಟೆ ಮಾತ್ರ ಅಲ್ಲೇ ನಿಂತಿತು. ಯಾಂಗ್ಜಿ ಓದಿದ್ದು ಹೋದ ಪರೀಕ್ಷೆಗೆ ಸೃಜನಾ ತಂದು ಬಿಟ್ಟುಹೋಗಿದ್ದ ಪುಸ್ತಕ, ಕಪ್ಪೆಯೊಂದು ಸೈಕಲ್ ಕಲಿಯುವ ಕಥೆ. ಪುಟಕ್ಕೆ ಒಂದು ಸಲ ಕಪ್ಪೆ ಬೀಳುತ್ತದೆ. ಹುಡುಗಿ ಒಂದು ಸಲವೂ ನಕ್ಕಿರಲಿಲ್ಲ.

ಮರುದಿನ ಅವಳು ಮೂರು, ನಾಲ್ಕು, ಐದನೆಯ ತರಗತಿಗಳನ್ನು ಒಂದೊಂದಾಗಿ ಕೂರಿಸಿ ಓದಿಸಿ, ತಾಮಾಂಗಿನಲ್ಲಿ ಕೇಳಿದಳು: ಏನಾಯ್ತು ಕಥೆಯಲ್ಲಿ? ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಐದನೆಯ ತರಗತಿಯ ಒಬ್ಬ, ಎಪ್ಪತ್ತೈದು ಪದ ಓದುವವನು, ಧೈರ್ಯ ಮಾಡಿ, "ಮುಗೀತು ಮಿಸ್" ಎಂದ.

ಅವಳು ಅಲ್ಲಿಂದಲೇ ಎದ್ದಳು. ಹೆಡ್‌ಮಾಸ್ಟರರ ಹತ್ತಿರ ಹೋಗಿ ಹೇಳಿದಳು. ಹೋಮನಾಥ ಸರ್ ಬಿಸಿಲಿಗೆ ಬೆನ್ನು ಕೊಟ್ಟು ಕಿತ್ತಳೆ ಸುಲಿಯುತ್ತಿದ್ದರು.

"ಅರ್ಥವಾಗಲ್ಲ ಅಂತೀರಾ?"

"ಒಂದಕ್ಷರವೂ ಆಗಲ್ಲ ಸರ್. ಸುಮ್ಮನೆ ಸದ್ದು."

"ನಾನೂ ಚಿಕ್ಕವನಿದ್ದಾಗ ಸಂಸ್ಕೃತದ ಚಂಡಿ ಪಾಠ ಬಾಯಿಪಾಠ ಹೊಡೆದಿದ್ದೆ. ಅರ್ಥ ಇವತ್ತಿಗೂ ಗೊತ್ತಿಲ್ಲ. ಏನು, ಕೆಟ್ಟೋದೆನಾ?" ಒಂದು ತೊಳೆ ಅವಳ ಕಡೆ ಚಾಚಿದರು. "ತಗೊಳ್ಳಿ ಮಿಸ್. ಮಾಘದಲ್ಲಿ ಕೊನೇ ಪರೀಕ್ಷೆ. ಅದಾದಮೇಲೆ ಎಷ್ಟು ಬೇಕೋ ಅಷ್ಟು ಅರ್ಥ ಹೇಳಿಕೊಡಿ. ಯಾರು ಬೇಡ ಅಂತಾರೆ?"

ಅವಳು ಕಾಯಲಿಲ್ಲ. ಒಂದು ತರಗತಿಗೆ ದಿನಕ್ಕೆ ಒಂದು ಗಂಟೆ. ಅದರಲ್ಲಿ ಅರ್ಧ ಗಂಟೆ ಪುಸ್ತಕ ಮಡಚಿಸಿ, ತಾಮಾಂಗಿನಲ್ಲಿ ಕಥೆ ಹೇಳಿ, ಆಮೇಲೆ ನೇಪಾಳಿ ಸಾಲು ತೋರಿಸಿ, ಇದು ಇದೇ, ಇದು ಕಪ್ಪೆ, ಇದು ಬಿತ್ತು ಎಂದಳು. ಮಕ್ಕಳು ಮೊದಮೊದಲು ಗಾಬರಿಯಾದರು. ಪುಸ್ತಕದೊಳಗೆ ಯಾರೋ ಇದ್ದಾರೆ ಎಂಬುದೇ ಅವರಿಗೆ ಹೊಸದು. ನಂತರ ಒಬ್ಬೊಬ್ಬರಾಗಿ ನಿಧಾನವಾದರು. ಕಪ್ಪೆ ಬೀಳುವಲ್ಲಿ ನಿಂತು ಚಿತ್ರ ನೋಡಿದರು. ಪಕ್ಕದವನಿಗೆ ತೋರಿಸಿದರು. ರಾಗ ಮುರಿಯಿತು. ಅವಳು ಗಡಿಯಾರ ಹಿಡಿದು ನೋಡಿದಾಗ ಎಪ್ಪತ್ತೆರಡಿದ್ದದ್ದು ನಲವತ್ತಾರಕ್ಕಿಳಿದಿತ್ತು.

ಅಲ್ಲಿಂದ ಅವಳ ನಿದ್ದೆ, ಊಟ ಎರಡೂ ಕೆಟ್ಟವು. ನಿಧಾನವಾಗಿ ಓದಿಸಿದರೆ ಪುಸ್ತಕವೇ ಊರು ಬಿಟ್ಟುಹೋಗುತ್ತದೆ. ಬೇಗ ಓದಿಸಿದರೆ ಪುಸ್ತಕ ಇದ್ದೂ ಇಲ್ಲ. ಒಂದು ದಿನ ಕಥೆ ಹೇಳುವಳು, ಮರುದಿನ ಭಯ ಹತ್ತಿ ಮೈ ತೂಗಿಸುವಳು. ಮಕ್ಕಳಿಗೆ ಮಿಸ್‌ಗೆ ಏನು ಬೇಕೆಂದೇ ತಿಳಿಯದಾಯಿತು. "ಮಿಸ್, ಇವತ್ತು ಲಾಮಾ ಥರ ಓದೋದಾ, ಮನುಷ್ಯರ ಥರ ಓದೋದಾ?" ಎಂದು ಬಾಗಿಲಲ್ಲೇ ಕೇಳಿಕೊಂಡು ಒಳಗೆ ಬರುವರು. ಹೋಮನಾಥ ಸರ್ ದಿನಕ್ಕೆರಡು ಸಲ ಕಿಟಕಿಯ ಹೊರಗೆ ಬಂದು ನಿಂತು ಕಿವಿ ಕೊಡುವರು. ಗುಂಯ್‌ಗುಟ್ಟುವುದು ಕೇಳದಿದ್ದರೆ ಗಂಟಲು ಸರಿಮಾಡಿಕೊಳ್ಳುವರು. ಅವರ ಕೆಮ್ಮು ಕೇಳಿದ ಕೂಡಲೇ ಅವಳ ಕೈ ತಾನಾಗಿಯೇ ತೊಡೆಗೆ ಬಡಿಯುತ್ತಿತ್ತು. ತನ್ನ ಕೈಯನ್ನೇ ಕತ್ತರಿಸಿ ಎಸೆಯಬೇಕೆನಿಸುತ್ತಿತ್ತು ಅವಳಿಗೆ.

ಅತ್ತೆ ಒಂದು ದಿನ ಬೈದಳು. "ಏನೇ ನಿನ್ನ ಗೋಳು? ಮೂರು ದಿನದಿಂದ ಢಿಂಡೊ ಮುದ್ದೆ ಗಂಟಾಗ್ತಿದೆ. ಹುಡುಗರು ಚೆನ್ನಾಗಿ ಓದ್ತಾರೆ ಅಂತ ಊರೇ ಕೊಂಡಾಡ್ತದೆ, ನೀನು ಮಾತ್ರ ಹೆಣ ಹೊತ್ತವರ ಥರ ಓಡಾಡ್ತೀಯ."

"ಅವರು ಓದ್ತಾ ಇಲ್ಲ ಆಮಾ."

"ಮತ್ತೇನು, ಹಾಡು ಹೇಳ್ತಾ ಇದ್ದಾರಾ?"

"ಹೂಂ. ಅದೂ ನಾನು ಕಲಿಸಿದ್ದು."

"ಹಾಗಾದ್ರೆ ಮಾಘದವರೆಗೆ ಹಾಡ್ಲಿ ಬಿಡು. ಭಟ್ಟಿಯಲ್ಲಿ ಇಟ್ಟಿಗೆ ಹೊತ್ತು ಹಣೆ ಮೇಲಿನ ಕೂದಲು ಉದುರಿತ್ತಲ್ಲ, ಮರೆತ್ಯಾ? ಈಗಷ್ಟೇ ಬೆಳೀತಾ ಇದೆ."

ಸಂಚಮಾಯಾ ಹಣೆಯ ಅಂಚನ್ನು ಮುಟ್ಟಿ ನೋಡಿಕೊಂಡಳು. ಮರುದಿನದಿಂದ ಶಾಲೆಯಲ್ಲಿ ಮತ್ತೆ ಲಾಮಾ ಓದು. ಒಬ್ಬಳನ್ನು ಮಾತ್ರ ಅವಳು ಬಿಡಲಿಲ್ಲ. ಯಾಂಗ್ಜಿ ಹೇಗೂ ಸಂಜೆ ಜೋಳಕ್ಕೆ ಬರುತ್ತಿದ್ದಳು. ಒಲೆಯ ಬೆಳಕಿನಲ್ಲಿ ಅವಳಿಗೆ ಒಂದೊಂದು ಸಾಲು, ಒಂದೊಂದು ಪದ. ಎರಡು ತಿಂಗಳು. ಯಾಂಗ್ಜಿ ಚುರುಕಿನ ಹುಡುಗಿ. ಶಾಲೆಯಲ್ಲಿ ಮೈ ತೂಗಿ ಅರವತ್ತೆಂಟು ಪದ ಓದುವಳು, ಒಲೆಯ ಪಕ್ಕ ಬಂದರೆ ಹದಿನೈದು ಪದಕ್ಕೊಂದು ಪ್ರಶ್ನೆ. ಒಂದು ಸಂಜೆ ಕಪ್ಪೆ ಮೂರನೆಯ ಸಲ ಬಿದ್ದಾಗ ನಕ್ಕು ನಕ್ಕು ಹಿಂದಕ್ಕೆ ಉರುಳಿದಳು. ಅತ್ತೆ ಬೆಚ್ಚಿ ನೋಡಿದಳು. "ಏನಾಯ್ತು ಇವಳಿಗೆ? ಪೋಥಿ ಓದಿ ನಗ್ತಾಳೆ!"

ಆ ನಗುವನ್ನು ಇಟ್ಟುಕೊಂಡು ಸಂಚಮಾಯಾ ಮಾಘದವರೆಗೆ ದಿನ ದೂಡಿದಳು.

ಪರೀಕ್ಷೆಯ ದಿನ ಮೋಡ ಕವಿದಿತ್ತು. ಸೃಜನಾ ಕೆಳಗಿನಿಂದ ಹತ್ತಿ ಬಂದು, ಒಂದು ಲೋಟ ಬಿಸಿನೀರು ಕುಡಿದು, ಚೀಟಿ ಎತ್ತಿದಳು. ಓದಬೇಕಾದ ಕಥೆ ಅವಳೇ ತಂದದ್ದು, ಮಕ್ಕಳು ಹಿಂದೆ ನೋಡಿರದ್ದು. ಮಗು ಓದುವಾಗ ಯಾರೂ ತುಟಿ ಬಿಚ್ಚುವ ಹಾಗಿಲ್ಲ. ಅದು ನಿಯಮ. ಸಂಚಮಾಯಾ ಗೋಡೆಗೆ ಒರಗಿ ನಿಂತಳು. ಹೋಮನಾಥ ಸರ್ ಕಿಟಕಿಯ ಆಚೆ.

ಮೊದಲ ಹುಡುಗನಿಗೆ ಲಾಮಾ ಓದಿಗೂ ಮನುಷ್ಯರ ಓದಿಗೂ ನಡುವೆ ಗೊಂದಲವಾಗಿ ಐವತ್ತೊಂದು ಬಂತು. ಎರಡನೆಯವಳು ನಲವತ್ತೆಂಟು. ಮೂರನೆಯವನು ಅರವತ್ತಮೂರು. ನಾಲ್ಕನೆಯವನು, 'ಮುಗೀತು ಮಿಸ್' ಎಂದಿದ್ದ ಅದೇ ಹುಡುಗ, ಎಪ್ಪತ್ತು. ಐದನೆಯ ಚೀಟಿ ಯಾಂಗ್ಜಿಯದು.

ಸಂಚಮಾಯಾ ಮನಸ್ಸಿನಲ್ಲೇ ಕೂಡಿದಳು. ಸರಾಸರಿ ಅರವತ್ತಾಗಬೇಕಾದರೆ ಯಾಂಗ್ಜಿ ಅರವತ್ತೆಂಟು ಓದಬೇಕು. ಒಂದೂ ಕಮ್ಮಿಯಾಗುವ ಹಾಗಿಲ್ಲ.

ಯಾಂಗ್ಜಿ ಚಾಪೆಯ ಮೇಲೆ ಕೂತು ಮೈ ತೂಗಿದಳು. ಕಥೆ ಕಾಳು ಎಂಬ ಹೋತದ್ದು. ಮನೆಯವರು ಕಾಳುವಿಗೆ ಮೆಕ್ಕೆಜೋಳ ತಿನ್ನಿಸಿ ದಪ್ಪ ಮಾಡಿದರು. ದಶೈಂ ಹಬ್ಬ ಬಂತು. ಅಪ್ಪ ಖುಕುರಿ ಮಸೆದ. ಮಕ್ಕಳು ಹೊಸ ಬಟ್ಟೆ ಹಾಕಿಕೊಂಡರು. ಬೆಳಿಗ್ಗೆ ನೋಡಿದರೆ ಕೊಟ್ಟಿಗೆ ಖಾಲಿ.

ಹುಡುಗಿ ನಿಂತುಬಿಟ್ಟಳು. ತೂಗುತ್ತಿದ್ದ ಮೈ ಹಾಗೆಯೇ ಒಂದು ಕಡೆಗೆ ವಾಲಿ ನಿಂತಿತು. ಕಣ್ಣು ಹಾಳೆಯಿಂದ ಮೇಲೆದ್ದು ನೇರ ಸಂಚಮಾಯಾಳ ಕಡೆ ಬಂದವು.

"ಮಿಸ್," ಎಂದಳು ತಾಮಾಂಗಿನಲ್ಲಿ, "ತಿಂದುಬಿಟ್ರಾ ಅದನ್ನ?"

ಹಾಳೆಯಲ್ಲಿ ಆ ಮಾತು ಎಲ್ಲೂ ಇರಲಿಲ್ಲ. ಖುಕುರಿ, ಹಬ್ಬ, ಖಾಲಿ ಕೊಟ್ಟಿಗೆ, ಮೂರನ್ನೂ ಹುಡುಗಿ ತಾನೇ ಕೂಡಿಸಿದ್ದಳು. ಎರಡು ವರ್ಷದಲ್ಲಿ ಆ ಕೋಣೆಯೊಳಗೆ ಒಂದು ಮಗು ತಾನಾಗಿ ಅರ್ಥ ಹಿಡಿದು ಓದಿದ್ದು ಅದೇ ಮೊದಲು. ಸಂಚಮಾಯಾಳ ಕಣ್ಣು ತುಂಬಿತು. ಓಡಿಹೋಗಿ ಅವಳನ್ನು ಎತ್ತಿಕೊಳ್ಳಬೇಕೆನಿಸಿತು. ಸೃಜನಾಳ ಕೈಯಲ್ಲಿ ಗಡಿಯಾರದ ಮುಳ್ಳು ಓಡುತ್ತಿತ್ತು. ಎರಡು ಸೆಕೆಂಡು, ಮೂರು, ನಾಲ್ಕು. ಕಿಟಕಿಯ ಆಚೆ ಹೋಮನಾಥ ಸರ್ ಕೆಮ್ಮಿದರು.

"ಮುಂದೆ ಓದು," ಎಂದಳು ಸಂಚಮಾಯಾ.

"ತಿಂದ್ರಾ ಮಿಸ್?"

"ಓದು ಅಂದೆನಲ್ಲ! ನಿಲ್ಲಬೇಡ!"

ಯಾಂಗ್ಜಿಯ ಮುಖ ಮುಚ್ಚಿಕೊಂಡಿತು. ತಲೆ ತಗ್ಗಿಸಿದಳು, ಮೈ ತೂಗಿದಳು, ಅಂಗೈ ತೊಡೆಗೆ ಬಡಿಯಿತು. ಬೈಸಿಕೊಂಡ ಹೆದರಿಕೆಗೆ ಎಂದಿಗಿಂತ ಬೇಗ ಓದಿದಳು. ಎರಡೇ ಸಾಲು ಕೆಳಗೆ, ಕಾಳು ಹಗ್ಗ ಕಡಿದುಕೊಂಡು ಓಡಿಹೋಗಿ ಬಂಡೆಯ ತುದಿಯಲ್ಲಿ ಹುಲ್ಲು ಮೇಯುತ್ತಿದೆ ಎಂದಿತ್ತು. ಯಾಂಗ್ಜಿ ಅದನ್ನೂ ಓದಿದಳು, ಒಂದೂ ಪದ ತಪ್ಪದೆ, ಒಂದೇ ಉಸಿರಿನಲ್ಲಿ. ತಾನು ಕೇಳಿದ ಪ್ರಶ್ನೆಗೆ ಉತ್ತರ ತನ್ನ ಬಾಯಿಂದಲೇ ಹೊರಟುಹೋದದ್ದು ಅವಳಿಗೆ ಗೊತ್ತಾಗಲಿಲ್ಲ.

ಅರವತ್ತೊಂಬತ್ತು.

ಹೋಮನಾಥ ಸರ್ ಒಳಗೆ ನುಗ್ಗಿ ಮಕ್ಕಳಿಗೆಲ್ಲ ಬಿಸ್ಕತ್ತು ಹಂಚಿಸಿದರು. ಸೃಜನಾ ಹೊರಟಾಗ ಸಂಚಮಾಯಾ ಜೀಪಿನವರೆಗೆ ಬರುತ್ತೇನೆಂದು ಅವಳ ಚೀಲ ಎತ್ತಿಕೊಂಡಳು. ಅರ್ಧ ಇಳಿಜಾರು ಇಳಿದ ಮೇಲೆ ಅವಳೇ ಮಾತು ತೆಗೆದಳು.

"ಮ್ಯಾಡಂ, ಒಂದು ಹೇಳ್ಬೇಕು."

"ನೀವು ಬಾಯಿ ಬಿಟ್ಟಿದ್ದು ನಾನು ಬರೆದುಕೊಂಡಿಲ್ಲ ದಿದಿ."

"ಅದಲ್ಲ. ಆ ಮಕ್ಕಳಿಗೆ ಏನೂ ಅರ್ಥವಾಗಲ್ಲ. ಲಾಮಾ ಪೋಥಿ ಓದಿದ ಹಾಗೆ ಓದ್ತಾರೆ. ನಾನೇ ಹಾಗೆ ಕಲಿಸಿದೆ. ಇವತ್ತು ಒಂದು ಮಗು ನಿಜವಾಗಿ ಓದಿತು. ಅದನ್ನೂ ನಾನೇ ನಿಲ್ಲಿಸಿದೆ."

ಸೃಜನಾ ಒಂದು ಕಲ್ಲಿನ ಮೇಲೆ ಕೂತು ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿದಳು. "ಹೋದ ಸಲವೇ ನನಗೆ ಅನ್ನಿಸಿತ್ತು ದಿದಿ. ಕಪ್ಪೆ ಕಥೆ ಓದ್ತಾ ಒಬ್ಬರೂ ನಗಲಿಲ್ಲವಲ್ಲ."

"ಮತ್ತೆ ಹೇಳಲಿಲ್ಲ ಯಾಕೆ?"

"ಯಾರಿಗೆ ಹೇಳ್ಲಿ? ನನ್ನ ಫಾರಂನಲ್ಲಿ ನಗುವಿಗೆ ಕಾಲಂ ಇಲ್ಲ. ಪದ, ತಪ್ಪು, ಸರಾಸರಿ, ಅಷ್ಟೆ." ಎದ್ದು ಧೂಳು ಕೊಡವಿಕೊಂಡಳು. "ನಲವತ್ತು ಅಂತ ಬರೆದ್ರೆ ನಿಮ್ಮ ಪುಸ್ತಕ ಹೋಗ್ತವೆ. ಅರವತ್ತು ಅಂತ ಬರೆದ್ರೆ ಉಳೀತವೆ. ನಾನು ಏನು ಬರೀಬೇಕಿತ್ತು, ನೀವೇ ಹೇಳಿ?"

ಸಂಚಮಾಯಾ ಮುಂದೆ ಇಳಿದಳು. ಚೀಲವನ್ನು ಜೀಪಿಗಿಟ್ಟು ಗುಡ್ಡ ಹತ್ತಿದಳು.

ಆ ಸಂಜೆ ಯಾಂಗ್ಜಿ ಒಲೆಯ ಹತ್ತಿರ ಬರಲಿಲ್ಲ. ಮರುದಿನವೂ ಇಲ್ಲ. ಮೂರನೆಯ ದಿನ ಸಂಚಮಾಯಾಳೇ ಹುರಿದ ಜೋಳ ಸೆರಗಿನಲ್ಲಿ ಕಟ್ಟಿಕೊಂಡು ಅವರ ಅಂಗಳಕ್ಕೆ ಹೋದಳು. ಹುಡುಗಿ ಮೇಕೆಮರಿಗೆ ಸೊಪ್ಪು ಹಿಡಿದಿದ್ದಳು.

"ಕಾಳುನ್ನ ಯಾರೂ ತಿನ್ನಲಿಲ್ಲ ಕಣೇ. ಹಗ್ಗ ಕಡಿದು ಓಡಿಹೋಯ್ತು. ಬಂಡೆ ಮೇಲೆ ಮೇಯ್ತಾ ಇತ್ತು. ನೀನೇ ಓದಿದೆಯಲ್ಲ, ಎರಡು ಸಾಲು ಕೆಳಗೇ ಇತ್ತು."

ಯಾಂಗ್ಜಿ ಜೋಳ ತೆಗೆದುಕೊಂಡಳು. ಸಿಟ್ಟೇನೂ ಇರಲಿಲ್ಲ ಮುಖದಲ್ಲಿ. "ಪರೀಕ್ಷೆ ಮುಗೀತಲ್ಲ ಮಿಸ್," ಎಂದಳು. ಮರಿಯ ಕಡೆ ತಿರುಗಿದಳು.

ಫಾಲ್ಗುಣದಲ್ಲಿ ಕಾಗದ ಬಂತು. ಕೋಣೆ ಇನ್ನೆರಡು ವರ್ಷ ನಡೆಯುತ್ತದೆ. ಜೊತೆಗೆ ಇನ್ನೊಂದು ಸಾಲು: ಹದಿನೆಂಟರಿಂದ ಅರವತ್ತಕ್ಕೆ ಏರಿದ ಬೊಮ್ಜನ್‌ಡಾಂಡಾದ ಪದ್ಧತಿಯನ್ನು ಸುತ್ತಲ ಏಳು ಶಾಲೆಗಳಿಗೆ ಸಂಚಮಾಯಾ ಮಿಸ್ ಹೋಗಿ ಕಲಿಸಬೇಕು. ಹೋಮನಾಥ ಸರ್ ಆ ಕಾಗದವನ್ನು ಚೌಕಟ್ಟು ಹಾಕಿಸಿ ತಮ್ಮ ಕೋಣೆಯಲ್ಲಿ ತೂಗುಹಾಕಿದರು. "ಒಲ್ಲೆ ಅನ್ನಬಹುದಾ ಸರ್?" ಎಂದು ಅವಳು ಕೇಳಿದಳು. "ಅನ್ನಬಹುದು ಮಿಸ್, ಯಾಕನ್ನಬಾರದು? ಆಗ ಅವರು ಯಾಕೆ ಅಂತ ಕೇಳ್ತಾರೆ," ಎಂದರು ಅವರು.

ಅವಳು ಹೋಗುತ್ತಾಳೆ. ತಿಂಗಳಿಗೆ ಎರಡು ಊರು. ಅಲ್ಲಿಯ ಮೇಷ್ಟರುಗಳು ಗಡಿಯಾರ ಹಿಡಿದು ಸಾಲಾಗಿ ಕೂತಿರುತ್ತಾರೆ. ಕಥೆ, ಅರ್ಥ ಎಂದು ಅವಳು ಶುರುಮಾಡಿದರೆ ನಯವಾಗಿ ತಡೆಯುತ್ತಾರೆ: ಅದೆಲ್ಲ ಇರಲಿ ಮಿಸ್, ಆ ಅರವತ್ತು ಹೇಗೆ ಬರಿಸಿದ್ರಿ, ಅದನ್ನ ತೋರಿಸಿ. ತೋರಿಸುತ್ತಾಳೆ. ಎರಡನೆಯ ದಿನಕ್ಕೆ ಆ ಶಾಲೆಯೂ ಗುಂಯ್‌ಗುಟ್ಟುತ್ತದೆ.

ಶನಿವಾರ ರಜೆ. ಆ ದಿನ ಅವಳು ಯಾರಿಗೂ ಹೇಳದೆ ತನ್ನ ಕೋಣೆ ತೆರೆದು, ಬಂದ ಮಕ್ಕಳಿಗೆ ತಾಮಾಂಗಿನಲ್ಲಿ ಕಥೆ ಹೇಳಿ ಒಂದೊಂದೇ ಸಾಲು ಓದಿಸುತ್ತಾಳೆ. ಮೊದಲ ವಾರ ಒಂಬತ್ತು ಮಕ್ಕಳಿದ್ದರು. ಸೌದೆ ತರುವ ಕಾಲ ಬಂದಮೇಲೆ ಮೂವರು. ಚೈತ್ರದ ಒಂದು ಶನಿವಾರ ಯಾಂಗ್ಜಿ ಬಂದು ಬಾಗಿಲಲ್ಲಿ ನಿಂತಳು. ಸಂಚಮಾಯಾ ತಟ್ಟನೆ ಎದ್ದಳು. ಕಪಾಟಿನಿಂದ ಹೊಸದೊಂದು ಪುಸ್ತಕ ತೆಗೆದು, ಹುಡುಗಿಯ ಮುಂದೆ ಬಿಡಿಸಿಟ್ಟಳು. ಕಥೆ ಹೇಳಲೆಂದು ಬಾಯಿ ತೆರೆಯುವಷ್ಟರಲ್ಲಿ ಯಾಂಗ್ಜಿ ಚಕ್ಕಳಮಕ್ಕಳ ಹಾಕಿ ಕೂತು, ಕಣ್ಣು ಅರೆಮುಚ್ಚಿ, ಮೈ ತೂಗಿ ಓದತೊಡಗಿದ್ದಳು. ಸಾಲಿನ ಮೇಲೆ ಸಾಲು. ಚೊಕ್ಕವಾಗಿ, ಒಂದೂ ತಪ್ಪಿಲ್ಲದೆ. ಮಿಸ್‌ನ ಮನಸ್ಸು ಸಂತೋಷಪಡಿಸಲೆಂದೇ ಓದುತ್ತಿದ್ದಳು. ಸಂಚಮಾಯಾ ಅವಳ ಭುಜದ ಮೇಲೆ ಕೈಯಿಟ್ಟಳು. ಹುಡುಗಿ ಇನ್ನೂ ಬೇಗ ಓದಿದಳು.